ಓದುಗರ ಪ್ರಶ್ನೆ: ಚಿಕ್ಕ ಫ್ಲ್ಯಾಟಿನಲ್ಲಿ ಮಕ್ಕಳಿಗೆ ಫೆಲ್ಟ್ ಕಲಿಸಬಹುದೇ?

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿ ನಮ್ಮದು ಎರಡು ಕೋಣೆಯ ಫ್ಲ್ಯಾಟ್. ಆರು ವರ್ಷದ ಮಗಳಿಗೂ ನೆರೆಮನೆಯ ಮಕ್ಕಳಿಗೂ ಉಣ್ಣೆಯಿಂದ ಫೆಲ್ಟ್ (ನೇಯದೆ, ಎಳೆಗಳನ್ನೇ ಒತ್ತಿ ಗಟ್ಟಿ ಮಾಡಿದ ಬಟ್ಟೆ) ಮಾಡುವುದನ್ನು ಕಲಿಸಬೇಕೆಂದಿದ್ದೇನೆ. ಯಾವ ಉಣ್ಣೆ ತರಬೇಕು, ಜಾಗವನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಉತ್ತರ: ಧಾರಾಳವಾಗಿ ಕಲಿಸಬಹುದು. ಜಾಗ ಎಷ್ಟಿದೆ ಎಂಬುದಕ್ಕಿಂತ, ಒಣ ಉಣ್ಣೆ ಇರುವ ಕಡೆಗೆ ಒದ್ದೆ ಕೈ ಹೋಗದಂತೆ ನೋಡಿಕೊಳ್ಳುವುದೇ ಈ ಕೆಲಸದಲ್ಲಿ ಮುಖ್ಯ.

ನಮ್ಮ ಕಡೆಯ ಕುರುಬರ ಕಂಬಳಿಗೂ ಇಲ್ಲಿಯ ಕುರಿಗಾಹಿ ಧನಗರರ ಉಣ್ಣೆಯ ಹೊದಿಕೆ ಘೋಂಗಡಿಗೂ ಮಗ್ಗ ಬೇಕು, ಹಾಸು ಹೊಕ್ಕು ಬೇಕು. ಫೆಲ್ಟ್‌ಗೆ ಇವು ಯಾವುವೂ ಬೇಡ. ಕಾಶ್ಮೀರದ ಮತ್ತು ರಾಜಸ್ಥಾನದ ಟೋಂಕ್‌ನ ನಮ್ದಾ ಹಾಸುಗಳು ಹೀಗೆ ನೇಯದೆಯೇ ತಯಾರಾಗುತ್ತವೆ. ಉಣ್ಣೆಯ ಪ್ರತಿ ಎಳೆಯ ಮೈಮೇಲೂ ಹೆಂಚು ಹೊದಿಸಿದಂತೆ ಸೂಕ್ಷ್ಮ ಪೊರೆಗಳಿರುತ್ತವೆ. ಬೆಚ್ಚಗಿನ ಸೋಪಿನ ನೀರಿನಲ್ಲಿ ಅವು ತುಸು ತೆರೆದುಕೊಳ್ಳುತ್ತವೆ. ಕೈಯಾಡಿಸಿದಂತೆಲ್ಲ ಎಳೆಗಳು ಒಂದರೊಳಗೊಂದು ಜರುಗಿ, ಎಣ್ಣೆ ಕಾಣದ ಕೂದಲಿನಂತೆ ಜಡೆಗಟ್ಟುತ್ತವೆ. ಆಮೇಲೆ ಅವನ್ನು ಬಿಡಿಸಲಾಗದು.

ಆದ್ದರಿಂದ ಉಣ್ಣೆಯ ಆಯ್ಕೆಯಲ್ಲಿ ತಪ್ಪಬಾರದು. ಮೊದಲ ಸಲ ನಾನು ಅಂಗಡಿಯವರ ಮಾತು ನಂಬಿ ಹೆಣಿಗೆಯ ‘ಉಲ್ಲನ್’ ತಂದಿದ್ದೆ. ಮಕ್ಕಳು ಒಂದು ಗಂಟೆ ಉಜ್ಜಿದರೂ ಅದು ನೂಲಾಗಿಯೇ ಉಳಿಯಿತು, ಏಕೆಂದರೆ ಅದು ಅಕ್ರಿಲಿಕ್ ಎಂಬ ಕೃತಕ ನೂಲು. ಅಂದಿನಿಂದ ಒಂದೆರಡು ಎಳೆಯನ್ನು ಸುಟ್ಟು ನೋಡಿಯೇ ತರುತ್ತೇನೆ: ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುವ ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಕ್ಕಳಿಗೆ ಹಿಂಜಿ ಬಾಚಿದ, ಮೆರಿನೋ ಎಂಬ ತಳಿಯ ಕುರಿಯ ಉಣ್ಣೆಯೇ ಒಳ್ಳೆಯದು. ಅದು ಮೃದು, ಬೇಗ ಗಟ್ಟಿಯಾಗುತ್ತದೆ. ದಖ್ಖನಿ ಕುರಿಯ ಉಣ್ಣೆ ಒರಟು, ನಿಧಾನ. ಆದರೂ ಮಳೆಗಾಲ ಮುಗಿದ ಮೇಲೆ ಊರಂಚಿನಲ್ಲಿ ತಾವೇ ಕಾಣುವ ಕುರಿಮಂದೆಯ ಉಣ್ಣೆ ಇದೆಂದು ಮಕ್ಕಳಿಗೆ ತಿಳಿಯುವುದು ನನಗೆ ಮುಖ್ಯವೆನಿಸುವುದರಿಂದ, ಮಕ್ಕಳು ಮಾಡುವ ಫೆಲ್ಟ್ ಚೆಂಡಿನ ಒಳಗೆ ಅದನ್ನಿಟ್ಟು ಹೊರಗೆ ಮೆರಿನೋ ಸುತ್ತಿಸುತ್ತೇನೆ.

ಮೊದಲ ಪಾಠಕ್ಕೆ ಚೆಂಡು ಸಾಕು. ಎರಡನೆಯದಕ್ಕೆ ಲೋಟದ ಕೆಳಗಿಡುವ ಚಿಕ್ಕ ಹಾಸು ಮಾಡಿಸಿರಿ. ಎಳೆಗಳನ್ನು ಕತ್ತರಿಸದೆ, ತುದಿಯಿಂದ ತೆಳುವಾಗಿ ಎಳೆದು, ಒಂದು ಪದರ ಅಡ್ಡ, ಒಂದು ಪದರ ಉದ್ದ, ಮತ್ತೊಂದು ಅಡ್ಡ ಎಂದು ಹಾಸಬೇಕು. ಮುಗಿದಾಗ ಅದು ಮೂರನೇ ಒಂದರಷ್ಟು ಕುಗ್ಗಬಹುದು. ಆದಕಾರಣ ಬೇಕಾದುದಕ್ಕಿಂತ ದೊಡ್ಡದಾಗಿಯೇ ಹಾಸಿಸಿರಿ. ಅದರ ಮೇಲೆ ಹಳೆಯ ಸೊಳ್ಳೆ ಪರದೆಯ ತುಂಡು ಹೊದಿಸಿ, ತುರಿದ ಸ್ನಾನದ ಸೋಪು ಕರಗಿಸಿದ ಉಗುರುಬೆಚ್ಚಗಿನ ನೀರನ್ನು ಚಿಮುಕಿಸಬೇಕು. ಇಲ್ಲಿ ಮಕ್ಕಳು ಅವಸರಪಡುತ್ತಾರೆ. ಮೊದಲ ಐದು ನಿಮಿಷ ಅಂಗೈಯಿಂದ ಒತ್ತುವುದಷ್ಟೇ ಕೆಲಸ, ಉಜ್ಜುವುದಲ್ಲ. ಮಲಗಿದ ಬೆಕ್ಕಿನ ಬೆನ್ನು ಸವರಿದಂತೆ ಎಂದು ಹೇಳಿದರೆ ಅವರಿಗೆ ಥಟ್ಟನೆ ಅರ್ಥವಾಗುತ್ತದೆ. ಈಗಲೇ ಉಜ್ಜಿದರೆ ಪದರಗಳು ಸರಿದು ನಡುವೆ ತೂತಾಗುತ್ತದೆ. ಚಿವುಟಿ ಎತ್ತಿದಾಗ ಎಳೆ ಬಿಡಿಯಾಗಿ ಬಾರದೆ ಇಡೀ ಹಾಳೆಯೇ ಎದ್ದರೆ, ಬಿದಿರಿನ ಚಾಪೆಯಲ್ಲಿ ಸುತ್ತಿ, ದಿಕ್ಕು ಬದಲಿಸುತ್ತ ಉರುಳಿಸಲು ಬಿಡಿ. ಸೋಪು ಪೂರ್ತಿ ಹೋಗುವವರೆಗೆ ತೊಳೆದು, ಕೊನೆಯ ನೀರಿಗೆ ಒಂದು ಚಮಚ ವಿನೆಗರ್ ಹಾಕಿರಿ. ಟ್ಯಾಂಕರಿನ ಗಡಸು ನೀರಿನಲ್ಲಿ ನೊರೆ ಬಾರದಿದ್ದರೆ ಸೋಪು ಹೆಚ್ಚಿಸುವ ಬದಲು ಕುಡಿಯುವ ನೀರನ್ನೇ ಬಳಸಿರಿ. ಒಣ ಉಣ್ಣೆಯನ್ನು ಚುಚ್ಚಿ ಚುಚ್ಚಿ ಗಟ್ಟಿ ಮಾಡುವ, ಮುಳ್ಳುಗಚ್ಚುಗಳಿರುವ ಫೆಲ್ಟ್ ಸೂಜಿ ಈ ವಯಸ್ಸಿಗೆ ಬೇಡವೇ ಬೇಡ.

ಜಾಗದ ವಿಚಾರ ಸರಳ. ಕೋಣೆಯ ಒಂದು ಮೂಲೆಯಲ್ಲಿ ಒಣ ಉಣ್ಣೆ, ತಕ್ಕಡಿ. ಬಾಲ್ಕನಿಯಲ್ಲಿ ಅಂಚು ಎತ್ತರವಿರುವ ತಟ್ಟೆಗಳು, ಒಬ್ಬೊಬ್ಬರಿಗೂ ಒಂದು ಟವೆಲ್. ಉಣ್ಣೆಯನ್ನು ತೂಗಿ ನೀವೇ ಹಂಚಿರಿ. ನಾಲ್ಕಕ್ಕಿಂತ ಹೆಚ್ಚು ಮಕ್ಕಳನ್ನು ಒಮ್ಮೆಗೆ ಕೂರಿಸಿಕೊಳ್ಳಬೇಡಿ. ನೀರನ್ನು ಜರಡಿಯಲ್ಲಿ ಸೋಸಿಯೇ ಚೆಲ್ಲಬೇಕು, ಇಲ್ಲವಾದರೆ ಪೈಪಿನೊಳಗೂ ಫೆಲ್ಟ್ ಬೆಳೆಯುತ್ತದೆ.

ಪುಣೆಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ, ಮುಗಿದ ಕೆಲಸವನ್ನು ಟವೆಲಿನಲ್ಲಿ ಸುತ್ತಿ ಹಿಂಡಿ ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿದ ಮೇಲೆಯೇ ಎತ್ತಿಡಬೇಕು. ಬಳಸದ ಉಣ್ಣೆ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ. ತಿಂಗಳಿಗೊಮ್ಮೆ ತೆರೆದು ನೋಡಿರಿ. ನುಸಿಯ ಹುಳು ಕಂಡರೆ ಆ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಎರಡು ವಾರ ಫ್ರೀಜರಿನಲ್ಲಿಡಿ.