ವಾಲಿದ ದವಡೆ ಹಲ್ಲನ್ನು ನೆಟ್ಟಗೆ ಮಾಡುವುದು: ಸ್ಪ್ರಿಂಗ್ ಹಿಡಿಯುವ ಮೊದಲು

ದಂತವೈದ್ಯಕೀಯದಲ್ಲಿ ಈ ಪಾಠ ಓದುವಾಗ ನಾವೆಲ್ಲ ಮೊದಲು ಹಲ್ಲನ್ನು ನೆಟ್ಟಗೆ ಮಾಡುವ ಸ್ಪ್ರಿಂಗ್‌ಗಳ ಹೆಸರು ಬಾಯಿಪಾಠ ಮಾಡುತ್ತೇವೆ. ನನಗೆ ವಿಷಯ ಬಿಡಿಸಿಕೊಂಡಿದ್ದು ಹೆಸರುಗಳನ್ನು ಪಕ್ಕಕ್ಕಿಟ್ಟು ಎರಡು ಪ್ರಶ್ನೆ ಕೇಳಿಕೊಂಡ ಮೇಲೆ. ಹಲ್ಲಿನ ತಲೆ (ಬಾಯಲ್ಲಿ ಕಾಣುವ ಭಾಗ) ಹಿಂದಕ್ಕೆ ಹೋಗಬೇಕೋ, ಬೇರು ಮುಂದಕ್ಕೆ ಬರಬೇಕೋ? ಹಾಗೆ ಮಾಡುವಾಗ ಹಲ್ಲು ಮೇಲೆದ್ದರೆ ಪರವಾಗಿಲ್ಲವೋ?

ಮೊದಲು ಹಲ್ಲು ಯಾಕೆ ವಾಲುತ್ತದೆ ಅಂತ ನೋಡೋಣ. ಕೆಳದವಡೆಯ ಮೊದಲ ಮೋಲಾರ್ (ಅಗಿಯುವ ದೊಡ್ಡ ದವಡೆ ಹಲ್ಲು) ಸುಮಾರು 6ನೇ ವಯಸ್ಸಿಗೆ ಬರುತ್ತದೆ. ಯಾವ ಹಾಲುಹಲ್ಲೂ ಬೀಳದೆ ಹಿಂದೆ ಹುಟ್ಟುವುದರಿಂದ ಎಷ್ಟೋ ಜನ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಹುಳುಕು ಹಿಡಿದು ಬೇಗ ಕೀಳಬೇಕಾಗಿ ಬರುವುದೂ ಹೆಚ್ಚಾಗಿ ಇದನ್ನೇ. ಆ ಜಾಗ ಹಾಗೇ ಬಿಟ್ಟರೆ ಹಿಂದಿನ ಎರಡನೇ ಮೋಲಾರ್ ಮುಂದಕ್ಕೆ ವಾಲುತ್ತದೆ. ಬರೀ ಮುಂದಕ್ಕಲ್ಲ, ಜಾಸ್ತಿ ಸಲ ನಾಲಿಗೆಯ ಕಡೆಗೂ ಬಾಗಿ ಸ್ವಲ್ಪ ತಿರುಗಿರುತ್ತದೆ. ಮುಂದಿನ ಪ್ರಿಮೋಲಾರ್ (ಕೋರೆಹಲ್ಲು ಮತ್ತು ಮೋಲಾರ್ ನಡುವಿನ ಚಿಕ್ಕ ದವಡೆ ಹಲ್ಲು) ಹಿಂದಕ್ಕೆ ಸರಿಯುತ್ತದೆ. ಎದುರಿನ ಮೇಲಿನ ಹಲ್ಲು ಖಾಲಿ ಜಾಗಕ್ಕೆ ಇಳಿಯುತ್ತದೆ. ಅದನ್ನು ನೋಡದೆ ಕೆಳಗಿನದನ್ನಷ್ಟೇ ನೆಟ್ಟಗೆ ಮಾಡಿದರೆ ಹೊಸ ಹಲ್ಲು ಕೂರಿಸಲು ಎತ್ತರವೇ ಸಾಲುವುದಿಲ್ಲ.

ಎಕ್ಸ್-ರೇ ನೋಡುವಾಗ ನಿಧಾನಿಸಿ. ವಾಲಿದ ಹಲ್ಲಿನ ಮುಂಬದಿಯಲ್ಲಿ ಮೂಳೆ ಓರೆಯಾಗಿ ಕರಗಿದಂತೆ ಕಾಣುತ್ತದೆ. ಮೂಳೆಯ ಅಂಚು ಎನಾಮೆಲ್ ಮುಗಿಯುವ ಗೆರೆಯನ್ನು ಹಿಂಬಾಲಿಸುವುದರಿಂದ ಹಲ್ಲು ವಾಲಿದರೆ ಆ ಅಂಚೂ ಓರೆಯಾಗುತ್ತದೆ. ಒಸಡು ಅಲ್ಲಿ ಮಡಚಿಕೊಂಡು ಆಳವಾದ ಪಾಕೆಟ್‌ನಂತೆ (ಹಲ್ಲು-ಒಸಡಿನ ನಡುವಿನ ಸಂದಿನಂತೆ) ಅಳತೆ ಸಿಗುತ್ತದೆ. ಹಲ್ಲು ನೆಟ್ಟಗಾದಾಗ ಇದು ಎಷ್ಟೋ ಮಟ್ಟಿಗೆ ಸರಿಹೋಗುತ್ತದೆ. ಆದರೆ ಬೇರುಗಳು ಕವಲೊಡೆಯುವ ಜಾಗದಲ್ಲಿ ನಿಜವಾಗಿಯೂ ಮೂಳೆ ಹೋಗಿದ್ದರೆ ಕಥೆ ಬೇರೆ. ಹಲ್ಲು ಮೇಲೆದ್ದಷ್ಟೂ ಆ ಕವಲು ಹೊರಗೆ ಬೀಳುತ್ತದೆ. ಒಸಡಿನ ಸೋಂಕು ಹತೋಟಿಗೆ ಬರುವ ತನಕ ತಂತಿ ಮುಟ್ಟಬಾರದು. ಈ ಒಂದು ವಿಷಯದಲ್ಲಿ ರಾಜಿಯೇ ಇಲ್ಲ.

ಈಗ ಮೊದಲ ಪ್ರಶ್ನೆ. ತಲೆಯನ್ನು ಹಿಂದಕ್ಕೆ ತಳ್ಳಿದರೆ ಖಾಲಿ ಜಾಗ ದೊಡ್ಡದಾಗುತ್ತದೆ. ಬ್ರಿಡ್ಜ್ (ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರುವ ಕೃತಕ ಹಲ್ಲು) ಅಥವಾ ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಹಾಕುವುದಿದ್ದರೆ ಇದೇ ದಾರಿ. ಸರಳವಾದ ಕೇಸ್‌ಗಳಲ್ಲಿ 8ರಿಂದ 10 ವಾರದಲ್ಲಿ ಕೆಲಸ ಆಗುತ್ತದೆ. ಹಿಂದೆ ಬುದ್ಧಿ ಹಲ್ಲು ಅಡ್ಡ ನಿಂತಿದ್ದರೆ ಮೊದಲು ಅದನ್ನು ತೆಗೆಯಬೇಕಾಗುತ್ತದೆ. ಬೇರನ್ನು ಮುಂದಕ್ಕೆ ತಂದು ಜಾಗವನ್ನೇ ಮುಚ್ಚುವುದು ಕೇಳಲು ಚೆನ್ನಾಗಿದೆ, ಕೃತಕ ಹಲ್ಲೇ ಬೇಡ ಅಲ್ವಾ? ಆದರೆ ಹಲ್ಲು ಕಿತ್ತು ಬಹಳ ವರ್ಷವಾಗಿದ್ದರೆ ಅಲ್ಲಿನ ಮೂಳೆ ಸಪೂರವಾಗಿರುತ್ತದೆ. ಅದರೊಳಗೆ ದಪ್ಪ ಬೇರು ಸರಿಯುವುದು ಬಹಳ ನಿಧಾನ. ಬೇರನ್ನು ನೆಟ್ಟಗೆ ಮಾಡಲಿಕ್ಕೇ 6 ತಿಂಗಳು ಅಥವಾ ಹೆಚ್ಚು ಹಿಡಿಯಬಹುದು. ಜಾಗ ಮುಚ್ಚುವುದು ಅದರ ಮೇಲಿನ ಕೆಲಸ.

ಎರಡನೇ ಪ್ರಶ್ನೆಗೆ ಒಂದು ಲೆಕ್ಕ ಹಾಕಿ ನೋಡಿ. ಸ್ಪ್ರಿಂಗ್‌ನ ಒಂದು ತುದಿ ಮೋಲಾರ್‌ಗೆ ಅಂಟಿಸಿದ ಟ್ಯೂಬ್‌ನಲ್ಲಿದೆ (ಸಣ್ಣ ಲೋಹದ ಕೊಳವೆ). ಇನ್ನೊಂದು ತುದಿ 20 ಮಿಲಿಮೀಟರ್ ಮುಂದೆ, ಕೋರೆಹಲ್ಲಿನ ಹತ್ತಿರ, ಮುಂದಿನ ಹಲ್ಲುಗಳಿಗೆ ಕೂರಿಸಿದ ತಂತಿಗೆ ಕೊಕ್ಕೆಯಂತೆ ಸಿಕ್ಕಿಸಿದೆ. ಅಲ್ಲಿ 50 ಗ್ರಾಂ ಬಲ ಇದೆ ಅಂತಿಟ್ಟುಕೊಳ್ಳಿ. ಮೋಲಾರ್‌ಗೆ ಸಿಗುವ ತಿರುಗುಬಲ 50 × 20, ಅಂದರೆ 1000 ಗ್ರಾಂ-ಮಿಲಿಮೀಟರ್. ನಮಗೆ ಬೇಕಾದದ್ದು ಅದು. ಆದರೆ ಮುಂದಿನ ತುದಿ 50 ಗ್ರಾಂ ಕೆಳಗೆ ಒತ್ತುವಾಗ ಮೋಲಾರ್ ಅಷ್ಟೇ ಬಲದಲ್ಲಿ ಮೇಲೆ ಎಳೆಯಲ್ಪಡುತ್ತದೆ. ಇದನ್ನು ತಪ್ಪಿಸಲು ಆಗುವುದಿಲ್ಲ, ಸ್ಪ್ರಿಂಗ್ ಕೆಲಸ ಮಾಡುವುದೇ ಹೀಗೆ. ತೋಳು ಉದ್ದವಾದಷ್ಟೂ ಕಡಿಮೆ ಬಲ ಸಾಕು, ಮೇಲೇಳುವುದೂ ಕಡಿಮೆ. ಎದ್ದ ಹಲ್ಲು ಎದುರಿನದಕ್ಕೆ ತಾಗುತ್ತಲೇ ಇದ್ದರೆ ಹಿಂದಕ್ಕೆ ತಿರುಗುವುದು ನಿಧಾನವಾಗುತ್ತದೆ, ಅಲುಗಾಟವೂ ಜಾಸ್ತಿ. ಅದಕ್ಕೇ ಪ್ರತಿ ಭೇಟಿಯಲ್ಲೂ ಕಚ್ಚಿಸಿ ನೋಡಿ, ಬೇಕಾದರೆ ಮೇಲ್ಮೈ ಸ್ವಲ್ಪ ಉಜ್ಜಿ ತಗ್ಗಿಸುತ್ತಾರೆ. ಮುಂದಿನ ಹಲ್ಲುಗಳು ಕಚ್ಚಿದಾಗ ಈಗಾಗಲೇ ಕೂಡದೆ ತೆರೆದಿರುವವರಲ್ಲಿ ಈ ಮೇಲೇಳುವಿಕೆ ಆ ತೊಂದರೆಯನ್ನು ಇನ್ನೂ ಹೆಚ್ಚಿಸಬಹುದು.

ಇಷ್ಟು ತಿಳಿದರೆ ಸಾಧನ ಆರಿಸುವುದು ಸುಲಭ. ಸ್ವಲ್ಪ ಮಾತ್ರ ವಾಲಿದ್ದರೆ 0.017 × 0.025 ಇಂಚಿನ ನಿಕ್ಕಲ್-ಟೈಟಾನಿಯಂ ತಂತಿಯೇ ಆರಂಭಕ್ಕೆ ಸಾಕಾಗಬಹುದು. ಜಾಸ್ತಿ ವಾಲಿದ್ದರೆ ಮೇಲೆ ಹೇಳಿದ ಸ್ಪ್ರಿಂಗ್. ಸ್ಟೀಲ್‌ನದಾದರೆ ಸುರುಳಿ ಬೇಕು, ಬೀಟಾ-ಟೈಟಾನಿಯಂ ಮೆತ್ತಗಿರುವುದರಿಂದ ಸುರುಳಿ ಇಲ್ಲದೆಯೂ ನಡೆಯುತ್ತದೆ. ಬೇರನ್ನು ಮುಂದಕ್ಕೆ ತರಬೇಕು, ಮೇಲೇಳುವುದು ಕಡಿಮೆ ಇರಬೇಕು ಅಂದರೆ ಟಿ-ಲೂಪ್ (T ಆಕಾರಕ್ಕೆ ಬಾಗಿಸಿದ ತಂತಿ) ನೋಡಿ. ಅಲೈನರ್ (ಹಲ್ಲಿಗೆ ತೊಡಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚ) ಒಂದರಿಂದಲೇ ಹೆಚ್ಚು ವಾಲಿದ ಮೋಲಾರ್‌ನ ಬೇರನ್ನು ತಿರುಗಿಸುವುದು ಕಷ್ಟ.

ಆಧಾರ ಮರೆಯಬೇಡಿ, ಅಂದರೆ ಸ್ಪ್ರಿಂಗ್‌ನ ಎದುರುಬಲ ತಡೆದುಕೊಳ್ಳುವ ಹಲ್ಲುಗಳು. ಅದೇ ಬದಿಯ ಕೋರೆಹಲ್ಲು ಮತ್ತು ಪ್ರಿಮೋಲಾರ್‌ಗಳನ್ನು ಒಟ್ಟು ಸೇರಿಸಿ, ನಾಲಿಗೆಯ ಕಡೆಯಿಂದ ಎರಡೂ ಕೋರೆಹಲ್ಲುಗಳ ನಡುವೆ ಒಂದು ತಂತಿ ಅಂಟಿಸುತ್ತಾರೆ. ಮುಂದಿನ ಹಲ್ಲುಗಳ ಜೋಡಣೆ ಚೆನ್ನಾಗಿದ್ದರೆ ಅವನ್ನು ಕದಲಿಸುವ ಅಗತ್ಯವಿಲ್ಲ. ಹಾಗಾಗಿ ತಂತಿ ಬಲ ಹಾಕದೆ ಸುಮ್ನೆ ಕೂರುವಂತೆ ಬ್ರಾಕೆಟ್ (ತಂತಿ ಹಿಡಿಯುವ ಸಣ್ಣ ತುಣುಕು) ಅಂಟಿಸುತ್ತಾರೆ. ಕೊನೆಯ ಮೋಲಾರ್‌ನ ಹಿಂದೆ ಮೂಳೆಗೆ ಮಿನಿಸ್ಕ್ರೂ (ಪುಟ್ಟ ತಿರುಪು) ಹಾಕಿ ಅದರಿಂದಲೇ ಎಳೆದರೆ ಮುಂದಿನ ಹಲ್ಲುಗಳ ಮೇಲೆ ಭಾರವೇ ಬೀಳುವುದಿಲ್ಲ. ಆದರೆ ಅಲ್ಲಿನ ಒಸಡು ದಪ್ಪ, ಸ್ಕ್ರೂ ತಲೆ ಅದರಡಿ ಹೂತುಹೋಗುವುದುಂಟು.

ನೆಟ್ಟಗಾದ ಹಲ್ಲು ಕೆಲವು ವಾರ ಅಲುಗಾಡುತ್ತಿರುತ್ತದೆ, ಬೇರಿನ ಸುತ್ತಲಿನ ನಾರುಗಳು ಇನ್ನೂ ಹೊಂದಿಕೊಂಡಿರುವುದಿಲ್ಲ. ಬ್ರಿಡ್ಜ್ ಆದರೆ ಸುಮಾರು 6 ವಾರದೊಳಗೆ ಕೂರಿಸುವುದು ಒಳ್ಳೆಯದು. ಇಂಪ್ಲಾಂಟ್‌ಗೆ ಮೂಳೆ ಕಸಿ ಬೇಕಾದರೆ ಕಾಯುವ ಸಮಯ ತಿಂಗಳುಗಟ್ಟಲೆ. ಅಷ್ಟು ದಿನ ಹಲ್ಲು ಕದಲದಂತೆ ಖಾಲಿ ಜಾಗದ ಅಕ್ಕಪಕ್ಕದ ಎರಡು ಹಲ್ಲುಗಳಲ್ಲಿ ಸಣ್ಣ ಗುಂಡಿ ಮಾಡಿ, ಅವುಗಳ ನಡುವೆ ದಪ್ಪ ಸ್ಟೀಲ್ ತಂತಿ ಕೂರಿಸಿ ಅಂಟಿಸುತ್ತಾರೆ.