ಚುಕ್ಕಿ ಇಟ್ಟು ಎಳೆದ ಕಣದ ಹಾದಿ

ಧನುರ್ಮಾಸದ ಬೆಳಗ್ಗೆ ಹಾಸನದ ಹಳೆಯ ಬೀದಿಗಳಲ್ಲಿ ನಡೆದರೆ ಚುಕ್ಕಿ ರಂಗೋಲಿ ತುಳಿಯದಂತೆ ಹೆಜ್ಜೆ ಇಡಬೇಕು. ಮೊದಲು ಚುಕ್ಕಿ, ಆಮೇಲೆ ಗೆರೆ. ಜಿನೀವಾ ಬಳಿಯ ಸರ್ನ್ ಎಂಬ ಕಣಭೌತ ಪ್ರಯೋಗಾಲಯದಲ್ಲಿ, ನೆಲದಡಿ ಸುಮಾರು 100 ಮೀಟರ್ ಆಳದಲ್ಲಿರುವ ಸಿಎಂಎಸ್ ಎಂಬ, ಡಿಕ್ಕಿಯಲ್ಲಿ ಚಿಮ್ಮುವ ಕಣಗಳನ್ನು ಪತ್ತೆಹಚ್ಚುವ ಯಂತ್ರದ ರೀತಿಯೂ ಇದೇ. ಕಣ ಹಾದುಹೋದಲ್ಲಿ ಅದಕ್ಕೆ ಸಿಗುವುದು ಬಿಡಿಬಿಡಿ ಚುಕ್ಕಿ; ಅವನ್ನು ಸೇರಿಸಿ ಗೆರೆ ಎಳೆಯುವುದು ಕಂಪ್ಯೂಟರ್. ಹೈಸ್ಕೂಲು, ಪಿಯುಸಿ ವಯಸ್ಸಿನ ಮಕ್ಕಳು ವಿಜ್ಞಾನಿಗಳ ಮತ್ತು ಕಲಾವಿದರ ಜೊತೆ ಕುಳಿತು ಭೌತವಿಜ್ಞಾನವನ್ನು ಕಲಾಕೃತಿಯಾಗಿಸುವ ಪದ್ಧತಿ ಅಲ್ಲಿ ಬೆಳೆದದ್ದಕ್ಕೆ ಒಂದು ಕಾರಣ ಈ ಚುಕ್ಕಿಗಳಲ್ಲೇ ಇದೆ ಎಂಬುದು ನನ್ನ ಎಣಿಕೆ.

ಹಿಂದೆ ಹೀಗಿರಲಿಲ್ಲ. 1911ರಲ್ಲಿ ಸಿ.ಟಿ.ಆರ್. ವಿಲ್ಸನ್ ಮಂಜು ತುಂಬಿದ ಪೆಟ್ಟಿಗೆಯಲ್ಲಿ ಕಣದ ಜಾಡಿನ ಫೋಟೋ ತೆಗೆದರು. 1952ರಲ್ಲಿ ಡೊನಾಲ್ಡ್ ಗ್ಲೇಸರ್ ಕಟ್ಟಿದ ಗುಳ್ಳೆ ಪೆಟ್ಟಿಗೆ ಇನ್ನೂ ಚೆಲುವಾದ ಸುರುಳಿಗಳನ್ನು ಕೊಟ್ಟಿತು. ಆಗ ಚಿತ್ರವೇ ಸಾಕ್ಷಿ. ಸಾಲುಸಾಲು ಮೇಜುಗಳ ಮುಂದೆ ಕುಳಿತು ಫೋಟೋಗಳಲ್ಲಿ ಸುರುಳಿ ಹುಡುಕುತ್ತಿದ್ದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರ ಹೆಸರನ್ನು ಚರಿತ್ರೆ ಹೆಚ್ಚು ನೆನೆಯುವುದಿಲ್ಲ. 1968ರಲ್ಲಿ ಜಾರ್ಜ್ ಶಾರ್ಪಾಕ್ ತಂತಿಗಳ ಪತ್ತೆಯಂತ್ರ ರೂಪಿಸಿದ ಮೇಲೆ ಕಣದ ಸುಳಿವು ವಿದ್ಯುತ್ ಸಂಕೇತವಾಗಿ ನೇರ ಕಂಪ್ಯೂಟರಿಗೆ ಹೋಗತೊಡಗಿತು. ವೇಗ ಬಂತು, ಫೋಟೋ ಹೋಯಿತು. ಇಂದು ಪತ್ರಿಕೆಗಳಲ್ಲಿ ಕಾಣುವ ಹಳದಿ, ಹಸಿರು ಗೆರೆಗಳು ಕಣದ ಬಣ್ಣವಲ್ಲ, ಯಾರೋ ಆರಿಸಿದ್ದು. ಆರಿಸುವ ಮಾತು ಬಂದಲ್ಲಿ ಕಲಾವಿದನಿಗೂ ಕೆಲಸ ಹುಟ್ಟಿತು.

2012ರ ಜುಲೈ 4ರಂದು ಹಿಗ್ಸ್ ಬೋಸಾನ್ ಎಂಬ, ಬಹುಕಾಲ ಹುಡುಕಿದ ಕಣ ಸಿಕ್ಕ ಸುದ್ದಿ ಲೋಕವನ್ನೆಲ್ಲ ಸುತ್ತಿತು. ಆ ಆಸುಪಾಸಿನಲ್ಲೇ ಸಿಎಂಎಸ್ ತಂಡ ಕಲಾವಿದರನ್ನೂ ಶಾಲೆಗಳನ್ನೂ ಬೆಸೆಯತೊಡಗಿತು. 2016ರಿಂದ ಇಟಲಿಯ ಅಣುಭೌತ ಸಂಸ್ಥೆಯೂ ಸರ್ನ್ ಜೊತೆ ಸೇರಿ ದೇಶವ್ಯಾಪಿ ಶಾಲಾ ಯೋಜನೆಯನ್ನೇ ನಡೆಸಿತು.

ಇಂಥ ಕೃತಿಗಳೆಲ್ಲ ಚೆನ್ನಾಗಿರುತ್ತವೆ ಎನ್ನಲಾರೆ. ಕೆದರಿದ ಕೂದಲಿನ ಐನ್‌ಸ್ಟೈನ್, ಹಿಂದೊಂದು ನೀಲಿ ನೀಹಾರಿಕೆ: ಅದು ಭೌತವಿಜ್ಞಾನವಲ್ಲ, ಕ್ಯಾಲೆಂಡರ್. ಮಗು ಒಂದು ನಿಯಮ ಹಿಡಿದು ಅದಕ್ಕೆ ಕಟ್ಟುಬಿದ್ದಾಗ ಕೃತಿಗೆ ಜೀವ ಬರುತ್ತದೆ. ಅಂಥ ನಿಯಮವೊಂದು ಇಲ್ಲಿದೆ. ಸಿಎಂಎಸ್‌ನ ಕಾಂತಕ್ಷೇತ್ರ 3.8 ಟೆಸ್ಲಾ (ಕಾಂತಕ್ಷೇತ್ರದ ಅಳತೆ). ಅದರೊಳಗೆ ಧನ ಆವೇಶದ ಕಣ ಒಂದು ಕಡೆಗೆ, ಋಣ ಆವೇಶದ್ದು ಇನ್ನೊಂದು ಕಡೆಗೆ ಬಾಗುತ್ತದೆ. ಸಂವೇಗ ಕಡಿಮೆಯಾದಷ್ಟೂ ಸುರುಳಿ ಬಿಗಿ.

ಹಾಸನದಲ್ಲಿ 1982ರಿಂದ ಉಪಗ್ರಹ ನಿಯಂತ್ರಣ ಕೇಂದ್ರವಿದೆ, ಸುಮಾರು ಒಂದು ಗಂಟೆಯ ಬಸ್ ಹಾದಿಯಲ್ಲಿ ಹಳೇಬೀಡಿನ ತಿರುಗಣೆ ಕಂಬಗಳಿವೆ. ಆದರೂ ಎಸ್‌ಎಸ್‌ಎಲ್‌ಸಿ ಮುಗಿದೊಡನೆ ಸೈನ್ಸೋ ಆರ್ಟ್ಸೋ ಎಂದು ಕೇಳುತ್ತೇವೆ. ಆ ಆರ್ಟ್ಸಿನಲ್ಲಿ ಚಿತ್ರಕಲೆ ಸಿಗುವುದೂ ಅಪರೂಪ!

ಸಿಎಂಎಸ್ ತನ್ನ ಮಾಹಿತಿಯ ಒಂದು ಭಾಗವನ್ನು 2014ರಿಂದ ಎಲ್ಲರಿಗೂ ತೆರೆದಿಟ್ಟಿದೆ. ಒಂದು ಡಿಕ್ಕಿಯ ಚುಕ್ಕಿಗಳನ್ನು ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಇಡಬಹುದು. ಅಲ್ಲೊಂದು ತೊಡಕಿದೆ. ನಮ್ಮ ರಂಗೋಲಿಯಲ್ಲಿ ಒಂದು ಚುಕ್ಕಿಯೂ ಅನಾಥವಾಗಿ ಉಳಿಯಬಾರದು. ಪತ್ತೆಯಂತ್ರದ ಚುಕ್ಕಿಗಳಲ್ಲಿ ಕೆಲವು ಯಾವ ಕಣದವೂ ಅಲ್ಲ, ಬರೀ ಗದ್ದಲ, ಅಂದರೆ ಯಂತ್ರದ ಸುಳ್ಳು ಸಂಕೇತ. ಯಾವುದನ್ನು ಬಿಡಬೇಕು ಎಂಬಲ್ಲಿ ರಂಗೋಲಿ ಇಡುವ ಹುಡುಗಿಗೂ ವಿಜ್ಞಾನಿಗೂ ಜಗಳ ಶುರುವಾಗುತ್ತದೆ.