ನಿಂತಾಗ ಏರುವ ಮುಳ್ಳು

"ಹೈವೇಯಲ್ಲಿ ಏನೂ ತೊಂದರೆಯಿಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್‌ನ ಜಾಮ್ ಹತ್ತಿರ ಬಂದರೆ ಸಾಕು, ಟೆಂಪರೇಚರ್ ಮುಳ್ಳು ಏರುತ್ತದೆ." ಹೀಗೆ ಹೇಳಿಕೊಂಡು ಬರುವ ಗ್ರಾಹಕರು ನನ್ನ ಅರ್ಧ ಕೆಲಸವನ್ನು ತಾವೇ ಮುಗಿಸಿಕೊಟ್ಟಿರುತ್ತಾರೆ. ಎಂಜಿನ್ ಬಿಸಿಯಾಗುತ್ತದೆ ಎನ್ನುವುದಕ್ಕಿಂತ ಎಲ್ಲಿ, ಯಾವಾಗ ಬಿಸಿಯಾಗುತ್ತದೆ ಎನ್ನುವುದೇ ಮುಖ್ಯ.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಓಡುವ ಕಾರಿನ ರೇಡಿಯೇಟರ್‌ಗೆ (ಎಂಜಿನ್‌ನ ಬಿಸಿ ನೀರನ್ನು ತಣಿಸುವ ಜಾಲರಿಗೆ) ಎದುರುಗಾಳಿಯೇ ಸಾಕು. ಅದರ ಹಿಂದಿನ ಫ್ಯಾನ್ ಕೆಟ್ಟಿದ್ದರೂ ಗೊತ್ತಾಗುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಗಾಳಿ ಎಳೆಯುವುದಕ್ಕೆ ಇರುವುದು ಅದೊಂದೇ. ಆದ್ದರಿಂದ ನಿಂತಾಗ ಏರಿ, ಓಡಿದಾಗ ಇಳಿಯುವ ಮುಳ್ಳು ಹೇಳುವುದು ಗಾಳಿ ಸಾಲದು ಎಂದು. ವೇಗದಲ್ಲಿ ಅಥವಾ ಶಿರಾಡಿ ಘಾಟಿ ಹತ್ತುವಾಗ ಏರುವುದಾದರೆ ಅನುಮಾನ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್), ವಾಟರ್ ಪಂಪ್, ಒಳಗೆ ಕಟ್ಟಿಕೊಂಡ ರೇಡಿಯೇಟರ್ ಕಡೆಗೆ ತಿರುಗಬೇಕು. ಇಷ್ಟನ್ನು ಕೇಳಿ ತಿಳಿದುಕೊಳ್ಳದೆ ನೇರವಾಗಿ ಹೊಸ ರೇಡಿಯೇಟರ್ ಕೂರಿಸಿ ಬಿಲ್ ಬರೆಯುವವರೂ ಇದ್ದಾರೆ. ಮರುದಿನ ಅದೇ ಜಂಕ್ಷನ್‌ನಲ್ಲಿ ಅದೇ ಮುಳ್ಳು.

ಮೊದಲ ಪರೀಕ್ಷೆಗೆ ಒಂದು ಪೈಸೆಯೂ ಬೇಡ. ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿ. ಬಹುತೇಕ ಕಾರುಗಳಲ್ಲಿ ಕೆಲವೇ ಕ್ಷಣಗಳಲ್ಲಿ ಫ್ಯಾನ್ ತಿರುಗಲಾರಂಭಿಸಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಕನೆಕ್ಟರ್, ಮೋಟಾರ್ ಈ ಕ್ರಮದಲ್ಲಿ ನೋಡುತ್ತೇನೆ. ಕನೆಕ್ಟರನ್ನು ಬಿಡಿಸಿದಾಗ ಒಳಗಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಕರಗಿರುವುದು ತೀರಾ ಸಾಮಾನ್ಯ. ಎ.ಸಿ.ಗೆ ತಿರುಗುವ ಫ್ಯಾನ್ ಎಂಜಿನ್ ಬಿಸಿಗೆ ತಿರುಗುತ್ತಿಲ್ಲವೆಂದರೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಟೆಂಪರೇಚರ್ ಸೆನ್ಸರ್ ಮೇಲೆ ಸಂಶಯ. ಅದರ ಪ್ಲಗ್ ಕಿತ್ತರೆ ಅನೇಕ ಕಾರುಗಳ ಇ.ಸಿ.ಯು. (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮುನ್ನೆಚ್ಚರಿಕೆಗಾಗಿ ತಾನೇ ಫ್ಯಾನ್ ಹಾಕುತ್ತದೆ. ಹಾಕಿತೆಂದರೆ ವೈರಿಂಗ್ ಮತ್ತು ಮೋಟಾರ್ ಸರಿಯಾಗಿವೆ.

ಫ್ಯಾನ್ ತಿರುಗಿದರೆ ಸಾಲದು, ಎಳೆಯಬೇಕು. ಒಂದು ಹಾಳೆಯನ್ನು ಮುಂದಿನ ಗ್ರಿಲ್‌ಗೆ ಹಿಡಿಯಿರಿ. ಅದು ಅಂಟಿಕೊಂಡು ನಿಲ್ಲಬೇಕು. ಜಾರಿ ಬಿದ್ದರೆ ಮೋಟಾರಿನ ಬ್ರಷ್ ಸವೆದು ವೇಗ ಕುಂದಿರಬಹುದು, ಅಥವಾ ದಾರಿಯಲ್ಲಿ ಕಸ ಕಟ್ಟಿರಬಹುದು. ಹಾಳೆ ನಿಮ್ಮ ಕಡೆಗೇ ಹಾರಿ ಬಂದರೆ ಮೋಟಾರ್ ರಿಪೇರಿ ಮಾಡಿದವರು ವೈರನ್ನು ಅದಲುಬದಲು ಮಾಡಿ ಕೂರಿಸಿದ್ದಾರೆ, ಫ್ಯಾನ್ ಉಲ್ಟಾ ತಿರುಗುತ್ತಿದೆ. ನಗಬೇಡಿ, ಇಂತಹ ಗಾಡಿಗಳು ಬರುತ್ತವೆ.

ಕಸದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮುಂಭಾಗದಲ್ಲಿ ಕಾಣುವುದು ಎ.ಸಿ. ಕಂಡೆನ್ಸರ್, ರೇಡಿಯೇಟರ್ ಅಲ್ಲ. ಅವೆರಡರ ನಡುವೆ ಒಂದೆರಡು ಬೆರಳಿನಷ್ಟು ಸಂದು ಇರುತ್ತದೆ. ರಸ್ತೆಯ ಧೂಳು, ಒಣಗಿದ ಎಲೆ, ಸತ್ತ ಹುಳಗಳು ಅಲ್ಲಿ ಸೇರಿ, ಮಳೆಗಾಲದ ಕೆಸರಿನೊಂದಿಗೆ ಬೆರೆತು ಕಂಬಳಿಯಂತೆ ಹಾಸಿಕೊಳ್ಳುತ್ತವೆ. ಮುಂದಿನಿಂದ ನೋಡಿದರೆ ಎಲ್ಲವೂ ಸ್ವಚ್ಛ. ಫ್ಯಾನ್ ಬಿಚ್ಚಿ, ಎಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಬೇಕು. ವಾಟರ್ ಸರ್ವಿಸ್‌ನ ಗನ್ ಹಿಡಿದರೆ ತೆಳುವಾದ ಫಿನ್‌ಗಳು (ಲೋಹದ ರೆಕ್ಕೆಗಳು) ಮಡಚಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ಅಪಘಾತದ ನಂತರ ಬಂಪರ್ ಬದಲಿಸಿದ ಗಾಡಿಯಾದರೆ ಫ್ಯಾನ್ ಸುತ್ತಲಿನ ಕವಚ ಮರಳಿ ಕೂತಿದೆಯೇ ನೋಡಿ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಎಳೆಯುವುದನ್ನು ಬಿಟ್ಟು ಅಕ್ಕಪಕ್ಕದ ಬಿಸಿ ಗಾಳಿಯನ್ನೇ ತಿರುಗಿಸುತ್ತಿರುತ್ತದೆ.

ರೇಡಿಯೇಟರ್ ಕ್ಯಾಪನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅನೇಕ ಕಾರುಗಳಲ್ಲಿ ಫ್ಯಾನ್ ಶುರುವಾಗುವುದೇ 95 ಡಿಗ್ರಿ ದಾಟಿದ ಮೇಲೆ. ಕ್ಯಾಪ್ ಒಳಗಿನ ಒತ್ತಡವನ್ನು ಸುಮಾರು ಒಂದು ಬಾರ್‌ನಷ್ಟು ಹೆಚ್ಚಿಗೆ ಹಿಡಿದಿಟ್ಟರೆ, ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ನೀರಿನ ಮಿಶ್ರಣ 120 ಡಿಗ್ರಿಯಲ್ಲೂ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಸೀಲ್ ಬಿರಿದಿದ್ದು, ಒಳಗೆ ಬರಿಯ ಬೋರ್‌ವೆಲ್ ನೀರು ತುಂಬಿದ್ದರೆ ಲೆಕ್ಕ ಹಾಕಿ ನೋಡಿ. ಆ ಗಡಸು ನೀರು ಒಳಗಿನ ಸಣ್ಣ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟುವುದು ಬೇರೆ.

ಇನ್ನು ನಮ್ಮಲ್ಲಿ ಬೇರುಬಿಟ್ಟಿರುವ ಒಂದು ಚಾಳಿ: ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು. "ವಾಲ್ವ್ ತೆಗೆದುಬಿಟ್ಟರೆ ಬಿಸಿಯೇ ಆಗುವುದಿಲ್ಲ" ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಎಂಜಿನ್ ಬೇಗ ಬಿಸಿಯೇರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಕೆಲವು ಎಂಜಿನ್‌ಗಳಲ್ಲಂತೂ ಅದನ್ನು ತೆಗೆದರೆ ಬೈಪಾಸ್ ದಾರಿ ತೆರೆದೇ ಉಳಿದು, ಒಂದಷ್ಟು ಬಿಸಿ ನೀರು ರೇಡಿಯೇಟರ್ ಮುಟ್ಟದೆ ವಾಪಸ್ ಬರುತ್ತದೆ, ರೋಗ ಉಲ್ಬಣವಾಗುತ್ತದೆ. ಫ್ಯಾನ್ ಡೈರೆಕ್ಟ್ ಮಾಡಿಸುವುದನ್ನು, ಅಂದರೆ ಕೀ ಹಾಕಿದ ಕೂಡಲೇ ತಿರುಗುವಂತೆ ವೈರ್ ಎಳೆಯುವುದನ್ನು, ಊರು ತಲುಪುವ ಮಟ್ಟಿಗೆ ಒಪ್ಪಬಹುದು. ಅದನ್ನೇ ರಿಪೇರಿ ಎಂದು ಕರೆದರೆ ನಾನು ಒಪ್ಪುವುದಿಲ್ಲ.

ಜಾಮ್‌ನಲ್ಲಿ ಮುಳ್ಳು ಏರಿದರೆ ಎ.ಸಿ. ಆರಿಸಿ, ಹೀಟರ್ ಪೂರ್ತಿ ಹಾಕಿ, ಕಿಟಕಿ ಇಳಿಸಿ. ಬೆವರುತ್ತೀರಿ, ಆದರೆ ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್. ಮುಳ್ಳು ಮೇಲಿದ್ದೂ ಹೀಟರ್‌ನಿಂದ ತಣ್ಣನೆಯ ಗಾಳಿ ಬಂದರೆ ಕೂಲೆಂಟ್ ತಳ ಕಂಡಿದೆ ಅಥವಾ ಪಂಪ್ ನೀರು ದೂಡುತ್ತಿಲ್ಲ ಎಂದರ್ಥ; ಆಗ ಒಂದು ಮೀಟರ್ ಕೂಡ ಓಡಿಸದೆ ಪಕ್ಕಕ್ಕೆ ನಿಲ್ಲಿಸಿ. ಅನೇಕ ಸಣ್ಣ ಕಾರುಗಳಲ್ಲಿ ಈಗ ಮುಳ್ಳೇ ಇಲ್ಲ, ಕೆಂಪು ದೀಪವಷ್ಟೇ. ಅದು ಹೊತ್ತಿಕೊಂಡ ಮೇಲೆ ಮುಂದಿನ ಸಿಗ್ನಲ್‌ವರೆಗೆ ಹೋಗೋಣ ಎನ್ನುವ ಲೆಕ್ಕಾಚಾರ ಬೇಡ. ಬಿಸಿ ಕ್ಯಾಪ್ ತೆರೆಯಬೇಡಿ, ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ. ಅರ್ಧ ಗಂಟೆಗಿಂತ ಹೆಚ್ಚು ಕಾಯಬೇಕಾದೀತು, ಕಾಯಿರಿ.

ಹೀಗೆ ಪದೇ ಪದೇ ಕುದಿಸಿದ ಗಾಡಿಯಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರಬಹುದು. ಸೋರಿಕೆ ಕಾಣದೆ ಕೂಲೆಂಟ್ ಇಳಿಯುವುದು, ಕೂಲೆಂಟ್ ಟ್ಯಾಂಕಿನಲ್ಲಿ ನಿಲ್ಲದ ಗುಳ್ಳೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು ಅದರ ಗುರುತುಗಳು. ಹೊಸದಾಗಿ ಕೂಲೆಂಟ್ ತುಂಬಿಸಿದ ದಿನವೂ ಗುಳ್ಳೆ ಬರುತ್ತದೆ, ಅದು ಒಳಗೆ ಸಿಕ್ಕಿಕೊಂಡ ಗಾಳಿ, ಗಾಬರಿಯಾಗಬೇಡಿ. ಗಾಳಿ ಪೂರ್ತಿ ಹೊರಹೋಗಿ, ಎ.ಸಿ. ಹಾಕದೆಯೇ ಫ್ಯಾನ್ ಎರಡು ಬಾರಿ ತಾನಾಗಿ ಶುರುವಾಗಿ ನಿಲ್ಲುವುದನ್ನು ನೋಡಿಕೊಂಡೇ ಗ್ಯಾರೇಜಿನಿಂದ ಗಾಡಿ ಹೊರಗೆ ತೆಗೆಯಿರಿ.